ಮೂರು ನಿಮಿಷದ ಧ್ವನಿ

"ಸಪ್ತಮಿ ವಿಭಕ್ತಿ ಯಾವಾಗ ಬರುತ್ತದೆ ಎಂದರೆ—" ಎನ್ನುವಷ್ಟರಲ್ಲಿ ಹಿತ್ತಲ ಕಿಟಕಿಯ ಹೊರಗಿನಿಂದ ಪಕ್ಕದ ಮನೆಯ ಫಕೀರವ್ವ ಒದರಿದಳು.

"ಸರ್, ನೀರು ಬಂದಾವ್ರೀ! ಲಗೂ ಬರ್ರಿ, ಪೈಪ್ ಹಚ್ರಿ!"

ಶಿವಯೋಗೀಶನ ಬಾಯಿ ಅವನನ್ನು ಕೇಳದೆಯೇ ಉತ್ತರ ಕೊಟ್ಟಿತು. "ಬಂದ್ನಿ, ಬಂದ್ನಿ! ಮನ್ಯಾಗ ಅದೇನಿ, ತಡೀರಿ!"

ಲ್ಯಾಪ್‌ಟಾಪಿನ ಪರದೆಯ ಮೇಲೆ ಮೈಸೂರಿನ ಮೂರು ಮುಖಗಳಿದ್ದವು. ಎಡಗಡೆಯ ಹುಡುಗಿ, ನೇಮಕಾತಿ ನೋಡಿಕೊಳ್ಳುವವಳು, ಬಾಯಿಗೆ ಕೈ ಅಡ್ಡ ಹಿಡಿದಳು. ನಡುವಿನ ಗಂಡಸು, ಯಾವುದೋ ವಿಭಾಗದ ಮುಖ್ಯಸ್ಥ, ಸಂಕೋಚವಿಲ್ಲದೆ ನಕ್ಕ. ಬಲಗಡೆಯ ಸುಮಲತಾ ಮೇಡಂ, ಶಾಲೆಯ ನಿರ್ದೇಶಕಿ, ನಗಲಿಲ್ಲ. ಮುಗುಳ್ನಕ್ಕರು. ಅದೇ ಹೆಚ್ಚು ಕೆಟ್ಟದ್ದು.

"ಪರ್ವಾಗಿಲ್ಲ ಸರ್, ಮುಂದುವರಿಸಿ. ಸಪ್ತಮಿ ಯಾವಾಗ ಬರುತ್ತೆ?"

"ಸ್ಥಳ ಹೇಳುವಾಗ. ಮನೆಯಲ್ಲಿ, ಶಾಲೆಯಲ್ಲಿ, ಊರಿನಲ್ಲಿ."

"ಮನ್ಯಾಗ," ಎಂದ ನಡುವಿನ ಗಂಡಸು, ಹೊಸ ತಿಂಡಿಯೊಂದರ ರುಚಿ ನೋಡುವವನ ಹಾಗೆ.

ಅದೂ ಸಪ್ತಮಿಯೇ ಮಹಾರಾಯ, ಅದರ ಮೇಲೆ ನಾನು ಒಂದು ಇಡೀ ಅಧ್ಯಾಯ ಬರೆದು ಪಿಎಚ್.ಡಿ. ತೆಗೆದುಕೊಂಡಿದ್ದೇನೆ ಎನ್ನಬೇಕಾಗಿತ್ತು. ಕಾಣದ ವಿದ್ಯಾರ್ಥಿಗಳಿಗೆ ಮಾದರಿ ಪಾಠದ ಉಳಿದ ಭಾಗ ಮಾಡಿದ. ಪ್ರತಿ ವಾಕ್ಯದ ಕೊನೆಗೆ ಬಾಯಿ ಸರಿಯಾಗಿ ಮುಚ್ಚಿತೇ ಎಂದು ನೋಡಿಕೊಂಡ. ಹೊರಗೆ ನೀರು ಸುರಿಯುತ್ತಿರುವುದು, ಕೊಡಗಳು ತಾಗುವುದು, ಫಕೀರವ್ವ ಇನ್ನೊಮ್ಮೆ ಕರೆಯುವುದು ಕೇಳಿಸಿತು. ಈ ಸಲ ಅವನು ಉತ್ತರ ಕೊಡಲಿಲ್ಲ. ಹುಬ್ಬಳ್ಳಿ, ಧಾರವಾಡಗಳ ನಡುವಿನ ನವನಗರದ ಆ ಓಣಿಗೆ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಮೈಸೂರಿನವರಿಗೆ ಅದನ್ನು ವಿವರಿಸುವುದು ಹೇಗೆ?

"ಸಬ್ಜೆಕ್ಟ್ ಬಗ್ಗೆ ಎರಡು ಮಾತಿಲ್ಲ," ಎಂದರು ಸುಮಲತಾ ಮೇಡಂ. "ಆದ್ರೆ ಒಂದು ವಿಷಯ."

"ಹೇಳಿ ಮೇಡಂ." ಹೇಳ್ರಿ ಎನ್ನಲಿಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

"ನಿಮ್ಮ ಸ್ಲ್ಯಾಂಗ್. ತಪ್ಪು ತಿಳ್ಕೋಬೇಡಿ, ಅದು ತುಂಬ ಸ್ವೀಟ್. ನಮ್ಮ ಮನೇಲಿ ಎಲ್ರೂ ಆ ಥರದ ಕಾಮಿಡಿ ರೀಲ್ಸ್ ನೋಡ್ತೀವಿ. ಬಟ್ ಕ್ಲಾಸಲ್ಲಿ ಕ್ಲೀನ್ ಕನ್ನಡ ಇರ್ಬೇಕು. ಪೇರೆಂಟ್ಸ್ ಎಕ್ಸ್‌ಪೆಕ್ಟ್ ಮಾಡೋದೇ ಅದನ್ನ."

ಕ್ಲೀನ್ ಕನ್ನಡವನ್ನು ಬೇಡಿದ ಆ ಮಾತಿನಲ್ಲಿ ಕನ್ನಡ ಎಷ್ಟಿತ್ತು ಎಂದು ಅವನು ಹುಡುಕಿದ. ಪ್ರತ್ಯಯಗಳು ಮಾತ್ರ ಸಿಕ್ಕವು.

"ನಮ್ಮ ಸ್ಕೂಲಿನ ಸ್ವಾಗತ ಭಾಷಣ ಕಳಿಸ್ತೀವಿ. ಮೂರು ನಿಮಿಷದ್ದು. ಅದನ್ನ ಓದಿ ಆಡಿಯೊ ಕಳಿಸಿಬಿಡಿ, ಸಂಜೆಯೊಳಗೆ. ಟ್ರಸ್ಟಿಗಳಿಗೆ ಕೇಳಿಸ್ಬೇಕು. ಅವರು ಹೂಂ ಅಂದ್ರೆ ಸೋಮವಾರವೇ ಜಾಯಿನ್ ಆಗ್ಬಹುದು." ಮೇಡಂ ಎದ್ದೇಳುವವರಿದ್ದರು, ಮತ್ತೆ ಕೂತರು. "ಹಾಂ, ನಿಮ್ಮ ಮಗಳು ಐಶ್ವರ್ಯಾ ನಮ್ಮಲ್ಲೇ ಫೋರ್ತ್ ಬಿ ಅಲ್ವಾ? ಎಷ್ಟು ಬೇಗ ಪಿಕಪ್ ಮಾಡಿದಾಳೆ ಗೊತ್ತಾ? ಈಗ ಅವಳ ಮಾತು ಕೇಳಿದ್ರೆ ಆ ಕಡೆಯವಳು ಅಂತ ಅನ್ಸೋದೇ ಇಲ್ಲ."

"ಥ್ಯಾಂಕ್ಯೂ ಮೇಡಂ," ಎಂದ ಶಿವಯೋಗೀಶ.

ಪರದೆ ಕಪ್ಪಾಯಿತು. ಅದರಲ್ಲಿ ಕಂಡ ತನ್ನ ಮುಖವನ್ನು ಅವನು ಸ್ವಲ್ಪ ಹೊತ್ತು ನೋಡಿದ. ಥ್ಯಾಂಕ್ಯೂ ಎಂದದ್ದು ಯಾತಕ್ಕೆ? ಯಾರೋ ಮುಖದ ಮೇಲೆ ಉಗುಳಿ, ಉಗುಳು ಸ್ವಚ್ಛವಾಗಿದೆ ಎಂದರೆ ಥ್ಯಾಂಕ್ಯೂ ಎನ್ನುವುದೇ?

ಹಿತ್ತಲಿಗೆ ಹೋಗುವಷ್ಟರಲ್ಲಿ ನೀರು ನಿಂತಿತ್ತು. ಅವನ ಎರಡು ಕೊಡಗಳನ್ನು ಫಕೀರವ್ವ ತುಂಬಿ ಕಟ್ಟೆಯ ಮೇಲಿಟ್ಟಿದ್ದಳು.

"ಯಾರ ಬಂದಿದ್ರು ಸರ್? ಯಾರೋ ಬ್ಯಾರೇದವ್ರು ಮಾತಾಡಾಕತ್ತಿದ್ರಲ್ಲ, ಟಿವ್ಯಾಗಿನವ್ರ ಗತೆ."

"ಯಾರೂ ಬಂದಿದ್ದಿಲ್ಲ ಬಿಡ್ರಿ."

"ಮತ್ತ ನೀವು ಓ ಅನಲೇ ಇಲ್ಲ. ಡ್ರಮ್ಮು ಹಂಗ ಖಾಲಿ ಉಳೀತು ನೋಡ್ರಿ."

ಖಾಲಿ ಡ್ರಮ್ಮಿನ ಬಗ್ಗೆ ಅವಳಿಗಿದ್ದ ಸಂಕಟ ಅವನಿಗೆ ಬರಲಿಲ್ಲ. ಮನೆಯಲ್ಲಿ ಅವನೊಬ್ಬನೇ ಇದ್ದ. ಹೆಂಡತಿ ಭಾಗ್ಯಶ್ರೀಗೆ ಬಹಳ ವರ್ಷಗಳ ಓದಿನ ಮೇಲೆ ಸರಕಾರಿ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು, ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಕೆಲಸ. ಮೈಸೂರಿನಲ್ಲಿ. ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಹೋದಳು. ನೀವು ಅಲ್ಲೊಂದು ಕೆಲಸ ನೋಡಿಕೊಂಡು ಬಂದುಬಿಡ್ರಿ ಎಂದಿದ್ದಳು. ಕನ್ನಡ ಕಲಿಸುವವನಿಗೆ ಕರ್ನಾಟಕದಲ್ಲಿ ಕೆಲಸ ಸಿಗದೇ ಇರುತ್ತದೆಯೇ ಎಂದು ಅವನೂ ನಕ್ಕಿದ್ದ.

ಆಮೇಲೆ ಅರ್ಜಿಗಳು ಶುರುವಾದವು. ಒಂದು ಕಾಲೇಜು ಸ್ಥಳೀಯರಿಗೆ ಆದ್ಯತೆ ಎಂದಿತು. ಇನ್ನೊಂದು ಮೈಸೂರಿನಲ್ಲಿ ಪಾಠ ಮಾಡಿದ ಅನುಭವ ಇದೆಯೇ ಎಂದು ಕೇಳಿತು. ಮೈಸೂರಿನಲ್ಲಿ ಕೆಲಸ ಸಿಕ್ಕರಲ್ಲವೇ ಅಲ್ಲಿಯ ಅನುಭವ ಬರುವುದು ಎಂದು ಮಿಂಚಂಚೆ ಬರೆದ, ಉತ್ತರ ಬರಲಿಲ್ಲ. ಮತ್ತೊಂದರ ಕಾರ್ಯದರ್ಶಿ ಫೋನಿನಲ್ಲಿ, "ಹೆಂಡ್ತಿ ಹಿಂದೆ ಬರ್ತಿದೀರಾ? ಅವರಿಗೆ ಮತ್ತೆ ಟ್ರಾನ್ಸ್‌ಫರ್ ಆದ್ರೆ?" ಎಂದು ಕೇಳಿ ನಕ್ಕಿದ್ದ. ಹೆಂಗಸರು ಗಂಡನ ಹಿಂದೆ ಊರು ಬಿಟ್ಟು ಹೋಗುವಾಗ ಯಾರಾದರೂ ಹೀಗೆ ನಗುತ್ತಾರೆಯೇ? ನಗುತ್ತಿದ್ದರೇನೋ. ಅವನು ಕೇಳಿಸಿಕೊಂಡಿರಲಿಲ್ಲ.

ಉಳಿದದ್ದು ಮಗಳ ಶಾಲೆ ಒಂದೇ. ಭಾಗ್ಯಶ್ರೀಯೇ ಅವರಿವರನ್ನು ಕೇಳಿ ಇವತ್ತಿನ ಸಂದರ್ಶನ ಗೊತ್ತು ಮಾಡಿಸಿದ್ದಳು.

ಭಾಷಣ ಮೊಬೈಲಿಗೆ ಬಂತು. ಅವನು ಒಳಕೋಣೆಯ ಬಾಗಿಲು ಹಾಕಿಕೊಂಡು ಓದಿ ರೆಕಾರ್ಡ್ ಮಾಡಿದ. "ನಮ್ಮ ಶಾಲೆಯಲ್ಲಿ ಪ್ರತಿಯೊಂದು ಮಗುವೂ ತನ್ನ ಮನೆಯಲ್ಲಿ ಇರುವಂತೆಯೇ ಇರುತ್ತದೆ." ಹಾಕಿ ಕೇಳಿದ. ಶಾಲಿಯಲ್ಲಿ ಎಂದು ಕೇಳಿಸಿತು. ಮತ್ತೊಮ್ಮೆ ಓದಿದ. ಈ ಸಲ ಶಾಲೆ ಸರಿಯಾಯಿತು, ಮನೆ ಮನಿಯಾಯಿತು. ಮೂರನೆಯ ಸಲಕ್ಕೆ ಎರಡೂ ಸರಿಯಾದವು. ಆದರೆ ಇಡೀ ಭಾಷಣ ಪೆಟ್ಟು ತಿಂದ ಹುಡುಗ ಮಗ್ಗಿ ಒಪ್ಪಿಸಿದ ಹಾಗಿತ್ತು. ಹೊರಗೆ ಯಾರದೋ ಕುಕ್ಕರ್ ಕೂಗಿತು. ಅವನು ಮೊಬೈಲನ್ನು ಹಾಸಿಗೆಯ ಮೇಲೆ ಎಸೆದ.

ಕಳಿಸುವುದಿಲ್ಲ ಎಂದು ನಿರ್ಧರಿಸಿ, ಅಂಗಿ ಹಾಕಿಕೊಂಡು ತಾನು ಕಲಿಸುವ ಧಾರವಾಡದ ಕಾಲೇಜಿಗೆ ಬಸ್ಸು ಹಿಡಿದ.

ಶನಿವಾರ, ಕಾಲೇಜು ಅರ್ಧ ದಿನ. ಪ್ರಾಚಾರ್ಯ ಮಡಿವಾಳಪ್ಪನವರು ಅವನು ಮೆಟ್ಟಿಲು ಹತ್ತುವುದನ್ನೇ ಕಾಯುತ್ತಿದ್ದವರಂತೆ ಸಿಪಾಯಿಯನ್ನು ಕಳಿಸಿ ಕರೆಸಿದರು.

"ಬರ್ರಿ, ಕೂಡ್ರಿ. ಮೈಸೂರಿಂದ ಫೋನ್ ಬಂದಿತ್ತು."

"ಯಾವಾಗ್ರಿ?"

"ನಿನ್ನೆ. ನಿಮ್ಮ ನಡತಿ ಹೆಂಗ ಅಂತ ಕೇಳಿದ್ರು. ಛಲೋ ಅಂತ ಹೇಳೇನಿ. ಸುಳ್ಳ ಯಾಕ ಹೇಳ್ಲಿ?"

"ಇನ್ನೂ ಏನೂ ಆಗಿಲ್ರಿ ಸರ್. ನಿಮಗ ಹೇಳಬೇಕಂತ ಇದ್ದೆ."

"ಹೇಳ್ಲಿಲ್ಲ."

"ಇಲ್ರಿ."

"ಇರ್ಲಿ ಬಿಡ್ರಿ. ಹೋಗಾವ್ರನ್ನ ನಾವೇನು ಕಟ್ಟಿ ಹಾಕೂದೈತಿ?" ಮಡಿವಾಳಪ್ಪ ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಬಸವಕಿರಣಗ ಹೇಳೇನಿ. ಸೋಮವಾರದಿಂದ ಸೆಕೆಂಡ್ ಇಯರ್ ಅವ ತಗೋತಾನ."

ಬಸವಕಿರಣ ಇದೇ ಕಾಲೇಜಿನಲ್ಲಿ ಶಿವಯೋಗೀಶನ ಕೈಕೆಳಗೆ ಕಲಿತವನು. ಹೋದ ವರ್ಷ ಎಂ.ಎ. ಮುಗಿಸಿದ್ದ.

"ಸೋಮವಾರದಿಂದ ಅಂದ್ರ? ನಾ ಹೊಂಟೇನಿ ಅಂತ ಯಾರ ಹೇಳ್ಯಾರ್ರಿ ಸರ್?"

"ಹೋಗಂಗಿಲ್ಲೇನು?"

ಅದೊಂದು ಸರಳವಾದ ಪ್ರಶ್ನೆಯಾಗಿತ್ತು. ಹೌದು ಎನ್ನಬಹುದಿತ್ತು, ಇಲ್ಲ ಎನ್ನಬಹುದಿತ್ತು. ಇಷ್ಟು ವರ್ಷ ಖಾಯಂ ಮಾಡದೆ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಬರೆಸಿಕೊಂಡು, ಈಗ ಹೀಗೆ ಕಸ ಬಳಿದ ಹಾಗೆ ಬಳಿಯುತ್ತೀರಲ್ಲ ಎಂದು ಮೇಜು ಗುದ್ದಬಹುದಿತ್ತು. ಶಿವಯೋಗೀಶ ಮೇಜಿನ ಮೇಲಿನ ಗಾಜನ್ನು ನೋಡಿದ. ಅದರ ಕೆಳಗೆ ಹಳೆಯ ಸ್ನೇಹಸಮ್ಮೇಳನದ ಫೋಟೊ ಇತ್ತು. ಅದರ ಮೂಲೆಯಲ್ಲಿ ಅವನಿದ್ದ, ಅರ್ಧ.

"ಹುಡುಗರ ನುಕ್ಸಾನ ಆಗಬಾರದಲ್ರಿ," ಎಂದರು ಮಡಿವಾಳಪ್ಪ. "ನೀವು ನಡುವ ಬಿಟ್ಟು ಹ್ವಾದ್ರ ನಾ ಯಾರನ್ನ ಹುಡುಕ್ಲಿ? ಅಂದ್ರೂ ಒಂದು ಮಾತು. ನಿಮ್ಮಂಥಾವ್ರು ಹೋಗಬೇಕ್ರಿ ಅಲ್ಲಿ. ಧಾರವಾಡದ ಕನ್ನಡ ಅಂದ್ರ ಏನಂತ ಅವ್ರಿಗೂ ತಿಳೀಲಿ. ಮಾತಾಡಿಸಿದ್ರಲ್ಲ, ಏನಂದ್ರು? ನಮ್ಮ ಭಾಷಾ ಕೇಳಿ ಖುಷಿ ಆದ್ರೇನು?"

"ಭಾಳ ಖುಷಿ ಆದ್ರು."

"ಆಗಬೇಕು, ಆಗಬೇಕು," ಎಂದು ಮಡಿವಾಳಪ್ಪ ಮನಸ್ಸಿನಿಂದಲೇ ನಕ್ಕರು. "ಹೋಗಿ ನಿಮ್ಮ ತಾಸು ತಗೋರಿ."

ಅವನು ತಾಸು ತೆಗೆದುಕೊಂಡ. ಪ್ರಾಯಶಃ ಕೊನೆಯದು, ಹುಡುಗರಿಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷ ಅವನು ಪಾಠ ಮಾಡುವಾಗ ಪಾಠ ಮಾತ್ರ ಕೇಳಿಸುತ್ತಿತ್ತು. ಇವತ್ತು ತನ್ನ ಬಾಯಿಯ ಸದ್ದು ಕೇಳಿಸಿತು. ನಾಲಿಗೆ ಹಲ್ಲಿಗೆ ತಾಗುವುದು, ತುಟಿ ಅಗಲವಾಗುವುದು, ಎಕಾರವೊಂದು ಹೊರಗೆ ಬರುತ್ತ ಬರುತ್ತ ಇಕಾರವಾಗಿ ಕುಗ್ಗುವುದು. ಮೆಟ್ಟಿಲನ್ನು ನೋಡುತ್ತ ಇಳಿಯುವವನು ಎಡವುವ ಹಾಗೆ ಎರಡು ಸಲ ಮಾತಿನಲ್ಲಿ ಎಡವಿದ. ಹುಡುಗರು ಬರೆದುಕೊಳ್ಳುತ್ತಲೇ ಇದ್ದರು. ಗಂಟೆ ಹೊಡೆದಾಗ ಕೋಣೆ ಎಂದಿಗಿಂತ ಬೇಗ ಖಾಲಿಯಾಯಿತು.

ಕಾಲೇಜಿನ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಭಾಗ್ಯಶ್ರೀಗೆ ಫೋನ್ ಮಾಡಿದ.

"ಆತೇನ್ರಿ?" ಎಂದಳು ಅವಳು, ಹಲೋ ಎನ್ನುವ ಮೊದಲೇ.

"ಆತು."

"ಏನಂದ್ರು?"

"ಧ್ವನಿ ಕಳಿಸು ಅಂದಾರ."

"ಧ್ವನಿ?"

"ಅವರ ಭಾಷಣ ಓದಬೇಕಂತ. ನಮ್ಮ ಮಾತಿನ ವಾಸನಿ ಬರಬಾರದಂತ. ಮೂರು ನಿಮಿಷ ನಾ ಯಾವೂರಾವ ಅಂತ ಗೊತ್ತಾಗಲಿಲ್ಲಂದ್ರ ಕೆಲಸಾ ಕೊಡ್ತಾರಂತ."

"ಓದಿ ಕಳಿಸ್ರಲ್ಲ," ಎಂದಳು ಭಾಗ್ಯಶ್ರೀ. "ಮೂರು ನಿಮಿಷದ ಮಾತು."

"ನಿನಗ ಸಿಟ್ಟು ಬರೂದಿಲ್ಲೇನು ಭಾಗ್ಯಾ?"

"ಬಂದಿತ್ತು. ಮೊದಲ ವಾರನ ಬಂದಿತ್ತು. ನಾ ಫೋನ್ ಎತ್ತಿದ್ರ ಸಾಕು, ಲ್ಯಾಬಿನ್ಯಾಗ ಎಲ್ಲಾರೂ ಕೆಲಸಾ ಬಿಟ್ಟು ಕೇಳ್ತಿದ್ರು. ಇನ್ನೊಮ್ಮೆ ಹೇಳಿ ಮೇಡಂ, ಇನ್ನೊಮ್ಮೆ ಹೇಳಿ ಅಂತಿದ್ರು. ಸಿಟ್ಟು ತಗೊಂಡು ಮನಿಗೆ ಬಂದ್ರ ಮನ್ಯಾಗ ಯಾರಿದ್ರು? ನೀವು ಅಲ್ಲಿದ್ರಿ."

"ನೀ ಹೇಳಲಿಲ್ಲಲ್ಲ."

"ಹೇಳಿದ್ರ ಏನ್ ಮಾಡ್ತಿದ್ರಿ?"

ಅವಳ ಪ್ರಶ್ನೆಯಲ್ಲಿ ಕುಟುಕು ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

"ತಡೀರಿ, ಐಶೂಗ ಕೊಡ್ತೇನಿ. ಆ ಭಾಷಣ ಆಕಿಗೆ ಬಾಯಿಪಾಠ ಬರತೈತಿ. ದಿನಾ ಪ್ರಾರ್ಥನಾದಾಗ ಹಾಕ್ತಾರ."

ಫೋನು ಕೈ ಬದಲಾಯಿಸಿದ ಸದ್ದು ಬಂತು. "ಪಪ್ಪಾ," ಎಂದಳು ಐಶ್ವರ್ಯಾ. "ಎಲ್ಲಿ, ಓದಿ ನೋಡೋಣ."

ಸೈಕಲ್ಲುಗಳ ನಡುವೆ ನಿಂತು ಒಂಬತ್ತು ವರ್ಷದ ಮಗಳ ಮುಂದೆ ಅವನು ಓದಿದ.

"ಶಾಲಿ ಅಲ್ಲ ಪಪ್ಪಾ, ಶಾಲೆ. ಎ ಅನ್ನುವಾಗ ಬಾಯಿ ತೆಗೀಬೇಕು. ಮುಚ್ಚಿಬಿಡ್ತೀರಾ ನೀವು."

"ನೀವು?"

"ಹಾಂ?"

"ನನಗ ನೀ ಅಂತಿದ್ದೆಲ್ಲ, ಐಶೂ."

"ಇಲ್ಲಿ ಯಾರೂ ಅಪ್ಪಂಗೆ ನೀ ಅನ್ನಲ್ಲ. ಮಿಸ್ ಬೈತಾರೆ. ಪಪ್ಪಾ, ನೀವು ನಮ್ ಸ್ಕೂಲಿಗೇ ಬರ್ತೀರಾ?"

"ಬಂದ್ರ ಛಲೋ ಅಲ್ಲೇನು? ಇಬ್ಬರೂ ಕೂಡೇ ಹೋಗೂದು, ಕೂಡೇ ಬರೂದು."

ಆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

"ಐಶೂ?"

"ಬಂದ್ರೆ ಫೋರ್ತ್ ಬಿಗೆ ಬರ್ಬೇಡಿ. ಬೇರೆ ಕ್ಲಾಸ್ ತಗೊಳ್ಳಿ."

"ಯಾಕವಾ?"

"ಸುಮ್ನೆ."

"ಸುಮ್ನ ಅಂದ್ರ?"

ಅವಳು ಪಿಸುಗುಟ್ಟಿದಳು; ತಾಯಿಗೆ ಕೇಳಿಸಬಾರದೆಂದು ಇರಬೇಕು. "ಮೊದ್ಲು ನಂಗೆ ಬಂದ್ನಿ ಅಂತ ಹೆಸ್ರು ಇಟ್ಟಿದ್ರು. ಹಾಜರಿ ಕರೆದಾಗ ಬಂದ್ನಿ ಮಿಸ್ ಅಂದಿದ್ದೆ, ಅದಕ್ಕೆ. ಎಲ್ರೂ ಹಂಗೇ ಕರೀತಿದ್ರು, ವ್ಯಾನ್ ಅಂಕಲ್ ಕೂಡ. ಈಗ ಮರ್ತಿದಾರೆ ಪಪ್ಪಾ. ನೀವು ಬಂದ್ರೆ ಮತ್ತೆ ನೆನಪಾಗುತ್ತೆ."

ಅವನು ಏನೋ ಹೇಳಬೇಕಾಗಿತ್ತು. ನಿನ್ನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ ಮಗಳೇ ಎಂದು ಹೇಳಬೇಕಾಗಿತ್ತು. ಅದನ್ನು ಯಾವ ಮಾತಿನಲ್ಲಿ ಹೇಳಿದರೆ ಅವಳಿಗೆ ನಂಬಿಕೆ ಬಂದೀತು ಎಂದು ತಿಳಿಯಲಿಲ್ಲ. "ಊಟಾ ಮಾಡಿದೇನು?" ಎಂದ. "ಆಯ್ತು ಪಪ್ಪಾ," ಎಂದಳು ಐಶ್ವರ್ಯಾ, ಪಾರಾದವಳಂತೆ.

ಅವನು ಫೋನು ಇಟ್ಟ. ಬಸ್ ನಿಲ್ದಾಣದವರೆಗೆ ಅವನು ದಾಪುಗಾಲು ಹಾಕಿದ. ತಲೆಯೊಳಗೆ ಒಂದು ಪತ್ರ ತಾನೇ ತಾನಾಗಿ ಬರೆದುಕೊಳ್ಳುತ್ತ ಹೋಯಿತು. ಮಾನ್ಯ ನಿರ್ದೇಶಕರೇ, ಮಗುವೊಂದು ಹಾಜರಿ ಹೇಳಿದ್ದಕ್ಕೆ ನಗುವ ತರಗತಿಯನ್ನು ನಡೆಸುತ್ತಿರುವ ನೀವು ಯಾವ ಬಾಯಿಯಿಂದ ಮನೆಯಂಥ ಶಾಲೆ ಎನ್ನುತ್ತೀರಿ? ನಿಮ್ಮ ಮಿಸ್ ಆ ದಿನ ಎಲ್ಲಿದ್ದರು? ಅವರೂ ನಕ್ಕರೇ? ಮಗುವಿನ ನಾಲಿಗೆಯನ್ನು ಉಜ್ಜಿ ತೊಳೆದು ಅದನ್ನೇ ಪ್ರಗತಿ ಎಂದು ತಂದೆಗೆ ವರದಿ ಒಪ್ಪಿಸುವ ನಿಮ್ಮ ನಾಚಿಕೆಗೇಡಿತನಕ್ಕೆ… ವಾಕ್ಯಗಳು ಒಂದರ ಹಿಂದೆ ಒಂದು ಬಂದವು, ಉದ್ದವಾಗಿ, ಕರ್ತೃ ಕರ್ಮ ಕ್ರಿಯಾಪದ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತು. ಅರ್ಧ ದಾರಿಯಲ್ಲಿ ಅವನಿಗೆ ಗೊತ್ತಾಯಿತು: ತನ್ನ ಸಿಟ್ಟು ಕೂಡ ಕ್ಲೀನ್ ಕನ್ನಡದಲ್ಲಿಯೇ ಇತ್ತು.

ಬಸ್ಸಿನಲ್ಲಿ ಕೂತು ಆ ಪತ್ರದ ಎರಡು ಸಾಲನ್ನು ಮೊಬೈಲಿನಲ್ಲಿ ಹೊಡೆದ. ಕಳಿಸಿದರೆ ಏನಾಗುತ್ತದೆ ಎಂದು ಯೋಚಿಸಿದ. ತನಗೆ ಕೆಲಸ ಸಿಗುವುದಿಲ್ಲ; ಅದು ಹೋಗಲಿ. ಸೋಮವಾರ ಫೋರ್ತ್ ಬಿಯ ಮಿಸ್ ಐಶ್ವರ್ಯಾಳನ್ನು ಎಲ್ಲರೆದುರು ನಿಲ್ಲಿಸಿ, ಯಾರಮ್ಮ ನಿನಗೆ ಹೆಸರಿಟ್ಟಿದ್ದು, ಏನಂತ ಇಟ್ಟಿದ್ದರು, ಹೇಳು ಎಂದು ವಿಚಾರಿಸುತ್ತಾರೆ. ಅವಳು ಆ ಶಬ್ದವನ್ನು ಮತ್ತೆ ಹೇಳಬೇಕಾಗುತ್ತದೆ. ಮರೆತವರಿಗೆಲ್ಲ ನೆನಪಾಗುತ್ತದೆ. ಅವನು ಎರಡೂ ಸಾಲು ಅಳಿಸಿದ. ತನ್ನ ಬಾಯಿಂದ ಊರಿನ ವಾಸನೆ ಹೋದರೆ ಯಾರಿಗೂ ಏನೂ ನೆನಪಾಗಲಿಕ್ಕಿಲ್ಲವೇನೋ.

ನವನಗರ ಬಂತು. ಅವನು ಇಳಿಯಲಿಲ್ಲ. ಬಸ್ಸು ಹುಬ್ಬಳ್ಳಿಯ ಕಡೆಗೆ ಹೋಯಿತು.

ಕಮರುದ್ದೀನ ಅವನ ಹಳೆಯ ವಿದ್ಯಾರ್ಥಿ. ಹುಬ್ಬಳ್ಳಿಯ ಪೇಟೆಯಲ್ಲಿ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಸಣ್ಣ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದ. ಸೀರೆ ಅಂಗಡಿಯ ರಿಯಾಯತಿ, ಪಕ್ಷದ ಪ್ರಚಾರ, ಕಸದ ಗಾಡಿಯ ಹಾಡು ಎಲ್ಲ ಅಲ್ಲಿ ತಯಾರಾಗುತ್ತಿದ್ದವು.

"ಅರೇ ಸರ್! ಬರ್ರಿ ಬರ್ರಿ. ಚಾ ಹೇಳ್ಲಿ?"

"ಬ್ಯಾಡ ಕಮರು. ಮೂರು ನಿಮಿಷ ಓದೂದೈತಿ. ಲಗೂ ಆಗಬೇಕು."

ಒಳಗಿನ ಕೋಣೆಯ ಗೋಡೆಗಳಿಗೆಲ್ಲ ಕಪ್ಪು ಸ್ಪಂಜು ಬಡಿದಿತ್ತು. ಬಾಗಿಲು ಹಾಕಿದೊಡನೆ ಪೇಟೆ ಇಲ್ಲವಾಯಿತು. ರಿಕ್ಷಾಗಳು, ಹಣ್ಣು ಮಾರುವವರು, ಎಲ್ಲ. ಕಿವಿಯಲ್ಲಿ ತನ್ನದೇ ರಕ್ತದ ಸದ್ದು. ಗಾಜಿನ ಆಚೆಯಿಂದ ಕಮರುದ್ದೀನ ಕೈ ಎತ್ತಿದ. ಶಿವಯೋಗೀಶ ಓದಿದ. ಕಮರುದ್ದೀನ ಕೈ ಅಡ್ಡ ಆಡಿಸಿದ. ಮತ್ತೆ ಓದಿದ.

"ಸರ್, ಯಾರ ಮ್ಯಾಲೋ ಸಿಟ್ಟಾದಂಗ ಕೇಳಾಕತ್ತೈತ್ರಿ," ಎಂದು ಕಿವಿಯಲ್ಲಿ ಅವನ ದನಿ ಬಂತು. "ಎದುರಿಗೆ ಯಾರೋ ಅದಾರ ಅಂತ ಅನಕೊಂಡು ಓದ್ರಿ."

ಶಿವಯೋಗೀಶ ಎದುರಿಗೆ ಸುಮಲತಾ ಮೇಡಂ ಅವರನ್ನು ನಿಲ್ಲಿಸಿಕೊಂಡ. ದನಿ ಗಡಸಾಯಿತು. ಭಾಗ್ಯಶ್ರೀಯನ್ನು ನಿಲ್ಲಿಸಿಕೊಂಡ. ಮನೆ ಮನಿಯಾಯಿತು. ಮಗಳನ್ನು ನಿಲ್ಲಿಸಿಕೊಂಡ, ಮೊದಲ ಸಾಲನ್ನೇ ದಾಟಲಾಗಲಿಲ್ಲ. ಕೊನೆಗೆ ಯಾರನ್ನೂ ನಿಲ್ಲಿಸಿಕೊಳ್ಳದೆ ಓದಿದ. ಆ ಕಪ್ಪು ಕೋಣೆಯಲ್ಲಿ ಓದುವವನೂ ಇಲ್ಲ, ಕೇಳುವವನೂ ಇಲ್ಲ ಎಂಬಂತೆ. ಶಬ್ದಗಳು ಒಂದಕ್ಕೊಂದು ತಾಗದೆ, ತೊಳೆದಿಟ್ಟ ಸ್ಟೀಲಿನ ಲೋಟಗಳ ಹಾಗೆ ಸಾಲಾಗಿ ಹೊರಬಂದವು.

ಕಮರುದ್ದೀನ ಹೆಬ್ಬೆರಳು ಎತ್ತಿದ.

ಹೊರಗೆ ಬಂದು ಇಬ್ಬರೂ ಕೇಳಿದರು. ಒಳ್ಳೆಯ ದನಿ. ತುಂಬು, ಮೃದು, ವಿನಯ. ಇಸ್ತ್ರಿ ಮಾಡಿದ್ದು. ಇಂಥವನನ್ನು ಮನೆಗೆ ಕರೆದು ಊಟಕ್ಕೆ ಹಾಕಬಹುದು, ಎರಡು ದಿನ ಬಿಟ್ಟು ಅವನ ಹೆಸರು ಮರೆಯಬಹುದು.

"ಏಕ್ ನಂಬರ್ ಆಗೇತ್ರಿ," ಎಂದ ಕಮರುದ್ದೀನ. ಆಮೇಲೆ ತಲೆ ಕೆರೆದುಕೊಂಡ. "ಖರೇ ಹೇಳ್ಲ್ಯಾ ಸರ್? ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ತಾಸು ನಾ ಒಂದೂ ಬಿಡ್ತಿದ್ದಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದ್ರ ಇದು ನೀವಂತ ಗುರುತು ಹತ್ತಂಗಿಲ್ಲ."

"ಹತ್ತಬಾರದು."

"ಹಾಂ?"

"ಹತ್ತಬಾರದು ಅಂತನ ಕೇಳ್ಯಾರ."

ಕಮರುದ್ದೀನ ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕ. "ಬೆಂಗಳೂರು ಪಾರ್ಟಿಗಳು ಇಂಥಾ ಧ್ವನಿನ ಕೇಳ್ತಾರ್ರಿ. ನಡುನಡುವ ಬಂದು ಒಂದೆರಡು ಜಾಹೀರಾತು ಓದ್ರಲ್ಲ."

ಶಿವಯೋಗೀಶ ಆಡಿಯೊ ಕಳಿಸಿದ. ಕಳಿಸಬಾರದು ಎಂದು ಬೆಳಿಗ್ಗೆ ನಿರ್ಧರಿಸಿದ್ದು ನೆನಪಿತ್ತು. ಬೆರಳು ಒತ್ತುವಾಗಲೂ ನೆನಪಿತ್ತು. ಕಮರುದ್ದೀನ ಹಟ ಮಾಡಿ ತರಿಸಿದ ಚಹಾ ಮುಗಿಯುವ ಮೊದಲೇ ಉತ್ತರ ಬಂತು.

"ಅದ್ಭುತ ಸರ್! ಟ್ರಸ್ಟಿಗಳಿಗೆ ತುಂಬಾ ಇಷ್ಟವಾಯಿತು. ಸೋಮವಾರ ಬನ್ನಿ. ಒಂದೇ ವಿನಂತಿ, ಕ್ಯಾಂಪಸ್ಸಿನಲ್ಲಿ ಸದಾ ಇದೇ ಕನ್ನಡ ಇರಲಿ. ಮಗಳ ಜೊತೆಗೂ. ಮಕ್ಕಳು ಬೇಗ ಹಿಂದಕ್ಕೆ ಜಾರುತ್ತಾರೆ. ಒಪ್ಪಿಗೆಯನ್ನು ಇವತ್ತೇ ತಿಳಿಸಿ."

ಅವನು ಅದನ್ನು ಎರಡು ಸಲ ಓದಿದ. ಹಿಂದಕ್ಕೆ ಜಾರುತ್ತಾರೆ. ಎಲ್ಲಿಗೆ? ಅವನ ಅವ್ವ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಮಾತಾಡಿಸಿದಲ್ಲಿಗೆ? ಐಶ್ವರ್ಯಾ ಹುಟ್ಟಿದ ದಿನ ಅವನು ಅವಳ ಕಿವಿಯಲ್ಲಿ ಏನೋ ಹೇಳಿದ್ದ. ಅದು ಆ ಜಾರುವ ಜಾಗದ ಮಾತೇ ಆಗಿತ್ತು.

"ಏನಾತ್ರಿ ಸರ್? ಕೆಟ್ಟ ಸುದ್ದೀನ?"

"ಇಲ್ಲ. ಕೆಲಸಾ ಸಿಕ್ಕಿತು."

"ಅರೇ ವಾ! ಮತ್ತ ಹಿಂಗ್ಯಾಕ ಕುಂತೀರಿ?"

"ಬರ್ತೇನಿ ಕಮರು," ಎಂದು ಅವನು ಎದ್ದ.

ಹೊರಗೆ ಸಂಜೆ. ಶನಿವಾರದ ಸಂಜೆಗೆ ಆ ಮಹಡಿಯ ಕಚೇರಿಗಳೆಲ್ಲ ಬಾಗಿಲು ಹಾಕಿದ್ದವು. ಅವನು ನಡುಮನೆಯಷ್ಟು ಉದ್ದದ ಕತ್ತಲ ಮೊಗಸಾಲೆಯಲ್ಲಿ ನಿಂತು ಉತ್ತರ ಹೊಡೆಯತೊಡಗಿದ. ಒಪ್ಪಿಗೆ, ಎಂದು ಬರೆದ. ಇನ್ನೊಂದು ಶಬ್ದ ಬೇಕಾಗಿತ್ತು. ಇದೆ ಎಂದರೂ ಇಲ್ಲ ಎಂದರೂ ಅಷ್ಟೇ ಚಿಕ್ಕದು. ಒಂದರ ಕೊನೆಗೆ ಮೈಸೂರಿನ ಎರಡು ಕೋಣೆಯ ಮನೆ ಇತ್ತು, ಊಟಕ್ಕೆ ಕೂತ ಮೂವರಿದ್ದರು. ಆ ಮೂವರು ಯಾವ ಮಾತಿನಲ್ಲಿ ಸಾರು ಬಡಿಸಿಕೊಳ್ಳುತ್ತಾರೆ ಎಂಬುದು ಕಾಣಲಿಲ್ಲ. ಇನ್ನೊಂದರ ಕೊನೆಗೆ ಏನೂ ಇರಲಿಲ್ಲ, ಸೋಮವಾರ ಬೆಳಿಗ್ಗೆ ಬಸವಕಿರಣ ಮೆಟ್ಟಿಲು ಹತ್ತುವುದರ ಹೊರತು. ಎರಡನೆಯ ಶಬ್ದ ಬರೆಯುವ ಮೊದಲೇ ಮೊಬೈಲಿನ ಪರದೆ ತಾನಾಗಿಯೇ ಮಂಕಾಗಿ ಆರಿತು.

ಲಿಫ್ಟಿನ ಗುಂಡಿ ಒತ್ತಿದ. ಅದು ಬರಲಿಲ್ಲ. ಕೆಳಗಿನಿಂದ ಯಾರೋ ಮಾತಾಡುವುದು ಕೇಳಿಸಿತು, ಹೆಂಗಸಿನ ದನಿ. ಅವನು ಮೆಟ್ಟಿಲಿಳಿದ.

ಎರಡನೆಯ ಮಹಡಿಯಲ್ಲಿ ಲಿಫ್ಟು ನಿಂತಿತ್ತು. ಯಾರೋ ಹೋಗುವ ಅವಸರದಲ್ಲಿ ಅದರ ಕಬ್ಬಿಣದ ಜಾಲರಿ ಬಾಗಿಲನ್ನು ಎಳೆಯದೆ ಹೋಗಿದ್ದರು. ಆ ಕತ್ತಲೆಯಲ್ಲಿ ಬೆಳಕಿದ್ದದ್ದು ಅದರೊಳಗೆ ಮಾತ್ರ. ಒಳಗೆ ಯಾರೂ ಇರಲಿಲ್ಲ. ಹಿಂದಿನ ಕನ್ನಡಿಯಲ್ಲಿಯೂ ಯಾರೂ ಇರಲಿಲ್ಲ. ಅವನು ಒಂದು ಹೆಜ್ಜೆ ಪಕ್ಕಕ್ಕೆ ನಿಂತಿದ್ದ.

"ದಯವಿಟ್ಟು ಬಾಗಿಲನ್ನು ಮುಚ್ಚಿರಿ," ಎಂದಿತು ಲಿಫ್ಟಿನ ದನಿ. ಒಂದು ಅಕ್ಷರವೂ ಕೆಡದ, ಯಾವ ಊರಿನದೂ ಅಲ್ಲದ ಕನ್ನಡ. ಸ್ವಲ್ಪ ತಡೆದು ಮತ್ತೆ, ಅಷ್ಟೇ ವಿನಯದಿಂದ, "ದಯವಿಟ್ಟು ಬಾಗಿಲನ್ನು ಮುಚ್ಚಿರಿ."

ಶಿವಯೋಗೀಶ ಸುತ್ತ ನೋಡಿದ. ಎಲ್ಲ ಶಟರುಗಳೂ ಇಳಿದಿದ್ದವು. ಅದು ಎಷ್ಟು ಹೊತ್ತಿನಿಂದ ಹೀಗೆ ಬೇಡಿಕೊಳ್ಳುತ್ತಿತ್ತೋ. ರಾತ್ರಿಯಿಡೀ ಬೇಡಿಕೊಂಡರೂ ಅದಕ್ಕೆ ಬೇಸರ ಬರುವಂತಿರಲಿಲ್ಲ, ಸಿಟ್ಟು ಬರುವಂತಿರಲಿಲ್ಲ.

ಅವನು ಜಾಲರಿಗೆ ಕೈ ಹಚ್ಚಿದ. ಕಬ್ಬಿಣ ತಣ್ಣಗಿತ್ತು. ಎಳೆಯಬೇಕು, ಸರಿ. ಆದರೆ ಒಳಗೆ ನಿಂತು ಎಳೆಯಬೇಕೋ ಹೊರಗೆ ನಿಂತು ಎಳೆಯಬೇಕೋ ಅವನಿಗೆ ತಿಳಿಯಲಿಲ್ಲ. ಹೊಸ್ತಿಲ ಸಂದಿನ ಕಪ್ಪು ಆಳದ ಈಚೆ ಕಾಲು, ಜಾಲರಿಯ ಮೇಲೆ ಕೈ ಇಟ್ಟುಕೊಂಡು ಅವನು ನಿಂತೇ ಇದ್ದ. ದನಿ ಹೇಳಿತು. ಮತ್ತೆ ಹೇಳಿತು.